ಸಿದ್ದಣ್ಣನ ಲೈಸೆನ್ಸಿಗೆ ನಾನಿಟ್ಟ ಪರೀಕ್ಷೆ

ಹೈಸ್ಕೂಲಿನ ಹೆಡ್‌ಮಾಸ್ಟರಾದ ದಿನ ನನ್ನ ಜೇಬಿಗೆ ಗೆಜೆಟೆಡ್ ಅಧಿಕಾರಿಗಳ ಹಸಿರು ಇಂಕಿನ ಪೆನ್ನು ಬಂತು. ಅದರ ಹಿಂದೆಯೇ, ತಿಪಟೂರಿನ ಅರ್ಧ ಜನರ ನಡತೆ ಇನ್ನು ನನ್ನ ಕೈಯಲ್ಲಿದೆ ಎಂಬ ಗತ್ತೂ ಬಂತು. ಯಾರೇ ಬರಲಿ, ‘ಇವರನ್ನು ಐದು ವರ್ಷದಿಂದ ಬಲ್ಲೆ, ನಡತೆ ಉತ್ತಮ’ ಎಂದು ಗೀಚಿ ಸೀಲು ಒತ್ತುವ ಪೈಕಿಯವನು ನಾನಲ್ಲ. ನಾನು ಪರೀಕ್ಷಿಸಿ ಬರೆಯುವವನು!

ಹೀಗಿರುವಾಗ ಒಂದು ಬೆಳಿಗ್ಗೆ ಟ್ಯಾಕ್ಸಿ ಸ್ಟ್ಯಾಂಡಿನ ಸಿದ್ದಣ್ಣ ಮನೆಗೆ ಬಂದ. ಇಪ್ಪತ್ತೈದು ವರ್ಷದಿಂದ ಅಂಬಾಸಿಡರ್ ಓಡಿಸುತ್ತಿರುವ ಮನುಷ್ಯ. ಬೆಂಗಳೂರಿನ ಪ್ರಯಾಣಿಕರೊಬ್ಬರು ಅವನ ಮೇಲೆ ದೂರು ಬರೆದಿದ್ದರು. ‘ಚಾಲಕನಿಗೆ ವಯಸ್ಸಾಗಿದೆ. ಕಾರಣವಿಲ್ಲದೆ ದಾರಿಯಲ್ಲಿ ನಿಲ್ಲಿಸುತ್ತಾನೆ. ಆಕಾಶ ನೋಡುತ್ತಾನೆ.’ ಲೈಸೆನ್ಸ್ ನವೀಕರಣಕ್ಕೆ ಹೋದರೆ, ಆರ್‌ಟಿಓ ಕಚೇರಿಯವರು ಗೆಜೆಟೆಡ್ ಅಧಿಕಾರಿಯೊಬ್ಬರ ಪತ್ರ ತಾ ಎಂದಿದ್ದರಂತೆ.

“ನಾಳೆ ಕೊನೇ ದಿನ ಸಾ. ಇದೊಂದು ಹೋದ್ರೆ ನಂಗೆ ಬೇರೆ ಕಸುಬು ಬರಾಕಿಲ್ಲ,” ಎಂದು ಕೈ ಮುಗಿದ.

“ನನ್ನ ಎರಡು ಹೆರಿಗೆಗೂ ಆಸ್ಪತ್ರೆ ಮುಟ್ಟಿಸಿದೋರು ಇವರೇ ಕಣ್ರೀ. ಸುಮ್ನೆ ಬರ್ದುಕೊಡಿ,” ಎಂದಳು ನನ್ನ ಹೆಂಡತಿ ಗೌರಿ.

“ಅದು ಉಪಕಾರ. ಇದು ಕಾನೂನು!” ಎಂದೆ.

ಅಂದು ಕಂದಿಕೆರೆಯ ಮಾವನ ಮನೆಗೆ ಹೋಗುವುದಿತ್ತು. ಸಿದ್ದಣ್ಣನ ಕಾರಿನಲ್ಲೇ ಹೊರಟೆವು. ನಾನು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ನೋಟ್‌ಬುಕ್ಕು. ಕಣ್ಣು, ಸಮಯಪ್ರಜ್ಞೆ, ವಿಧೇಯತೆ. ತಲಾ ಹತ್ತು ಅಂಕ.

ಕಿಬ್ಬನಹಳ್ಳಿ ಹತ್ತಿರ ಬಂದಾಗ ಮೊದಲನೆಯ ಪ್ರಶ್ನೆ ಎಸೆದೆ. “ಎದುರಿಗೆ ಬರ್ತಿರೋ ಬಸ್ಸಿನ ಬೋರ್ಡು ಓದು ನೋಡೋಣ!”

“ಅರಸೀಕೆರೆ ಸಾ. ಮುಂದಿನ ಕಿಟಕಿ ಪಕ್ಕ ನಿಮ್ ಇಸ್ಕೂಲ್ ಗುಮಾಸ್ತರು ಕುಂತವ್ರೆ.”

ಗುಮಾಸ್ತರು ಜ್ವರವೆಂದು ಮೂರು ದಿನದಿಂದ ರಜೆಯಲ್ಲಿದ್ದರು! ಹಾಗಿರಲಾರದು ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಗುಮಾಸ್ತರಿರಲಿ, ನನಗೆ ಬಸ್ಸಿನ ಬೋರ್ಡೇ ಕಾಣಲಿಲ್ಲ. ಅದು ಹತ್ತಿರ ಬಂದು ಹಾದುಹೋಗುವಾಗ ಕಿಟಕಿಯಿಂದ ಗುಮಾಸ್ತರು ನನಗೆ ನಮಸ್ಕಾರ ಮಾಡಿ, ಮಾಡಿದ ಮೇಲೆ ಗಾಬರಿಯಾದರು.

“ಕನ್ನಡಕ ಬದಲಾಯಿಸ್ರೀ ಅಂತ ಬಡ್ಕೊಂಡೆ,” ಎಂದಳು ಗೌರಿ ಹಿಂದಿನಿಂದ. ಕಣ್ಣಿಗೆ ಹತ್ತಕ್ಕೆ ಹತ್ತು ಕೊಡಬೇಕಾಯಿತು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ರಸ್ತೆಯುದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಓಡಾಡುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮುಗಿಸುವುದು ನಮ್ಮ ಕಡೆಯ ಪದ್ಧತಿ. ಸಿದ್ದಣ್ಣ ಕಾರು ನಿಲ್ಲಿಸಿ, ತಲೆ ಹೊರಗೆ ಹಾಕಿ ದಾರಿಬದಿಯಲ್ಲಿದ್ದ ಮುದುಕಿಯನ್ನು ಕೇಳಿದ.

“ಅಜ್ಜೀ, ಯಾವ ಕಡೆ ಇನ್ನೂ ತುಳ್ದಿಲ್ಲ?”

“ಎಡಗಡೆ ಕಣಪ್ಪಾ. ಒಂದ್ ಸುತ್ತು ಹೆಚ್ಗೆ ಹೊಡೀ, ನಿನ್ ಹೊಟ್ಟೆ ತಣ್ಣಗಿರ್ಲಿ!”

ಅವನು ಎಡಕ್ಕೆ ನಿಧಾನವಾಗಿ ಹೋಗಿ, ಹಿಂದಕ್ಕೆ ಬಂದು, ಮತ್ತೆ ಹೋದ. ಒಂದು ಕಾಳೂ ಚರಂಡಿಗೆ ಸಿಡಿಯಲಿಲ್ಲ. ಒಳಗೊಳಗೇ ಭಲೇ ಎನ್ನಿಸಿತು. ಆದರೂ ಪರೀಕ್ಷಕ ಮೆತ್ತಗಾಗಬಾರದು. ‘ಕಾರಣವಿಲ್ಲದೆ ನಿಲ್ಲಿಸುತ್ತಾನೆ. ಸಮಯಪ್ರಜ್ಞೆ ಸೊನ್ನೆ’ ಎಂದು ಬರೆದೆ.

ಮಾವನ ತೆಂಗಿನ ತೋಟ ತಲುಪಿದೆವು. ಗೌರಿ ಒಳಗೆ ಹೋದಳು. ಸಿದ್ದಣ್ಣ ಇಳಿದು, ತಲೆಯೆತ್ತಿ ಮರಗಳ ತುದಿಯನ್ನೆಲ್ಲ ನೋಡಿ, ಉರಿಬಿಸಿಲಲ್ಲಿ ಕಾರು ನಿಲ್ಲಿಸಲು ಹೊರಟ. ಅಗೋ, ಆಕಾಶ ನೋಡಿದ!

“ನೆರಳಿಗೆ ನಿಲ್ಲಿಸು,” ಎಂದೆ.

“ಬ್ಯಾಡಿ ಸಾ. ಕೊಬ್ಬರಿಗೆ ಬಿಟ್ಟಿರೋ ಮರ. ಕಾಯಿ ಬಲ್ತು ಒಣಗವೆ, ಯಾವಾಗ ಉದುರ್ತಾವೋ.”

“ನಾನೂ ತೆಂಗಿನ ಬುಡದಲ್ಲೇ ಹುಟ್ಟಿದವನಪ್ಪಾ! ಅದೂ ಇದು ನನ್ನ ಮಾವನ ಮರ. ಅಳಿಯನ ಮೇಲೆ ಬೀಳ್ತದಾ? ಕೊಡಿಲ್ಲಿ ಕೀಲಿ!”

ಲೈಸೆನ್ಸ್ ನನಗೂ ಇತ್ತು. ನನ್ನ ಪರೀಕ್ಷೆಯ ದಿನ ಕಾರು ಸ್ಟಾರ್ಟೇ ಆಗಿರಲಿಲ್ಲ. ಹಾಗಾಗಿ ನಾನು ಒಂದು ತಪ್ಪನ್ನೂ ಮಾಡದೆ ಪಾಸಾಗಿದ್ದೆ.

ಕೂತೆ. ಗೇರು ಹಾಕಿದೆ. ಕಾರು ಹಿಂದಕ್ಕೆ ಹೋಯಿತು! ಕಾಯಿ ಸುಲಿದ ಮಟ್ಟೆಯ ರಾಶಿ ಹತ್ತಿ ಬಾಲ ಎತ್ತಿಕೊಂಡು ನಿಂತಿತು. ಗಾಬರಿಯಲ್ಲಿ ಇನ್ನೊಂದು ಗೇರು ಹಾಕಿ ಆಕ್ಸಿಲರೇಟರ್ ತುಳಿದೆ. ಕಾರು ಒಂದೇ ನೆಗೆತಕ್ಕೆ ಬಂದು ಮರಕ್ಕೆ ಗುದ್ದಿತು. ಅಂತೂ ನೆರಳಿಗೆ ಬಂದಿದ್ದೆ.

ಧಡ್! ಬಾನೆಟ್ ಮೇಲೆ ಮಾವನ ಕಾಯಿ.

ಧಡ್! ಇನ್ನೊಂದು.

ಸಿದ್ದಣ್ಣ ಓಡಿಬಂದು ಬಾಗಿಲು ತೆಗೆದು ನನ್ನನ್ನು ಹೊರಗೆಳೆದ. “ಏಟಾಯ್ತಾ ಸಾ?” ಎಂದು ತಲೆ, ಭುಜ ಎಲ್ಲ ಮುಟ್ಟಿ ನೋಡಿದ. ತನ್ನ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಮಾವ, ಆಳುಗಳು, ಗೌರಿ ಎಲ್ಲರೂ ಬಂದರು.

“ಯಾವನ್ಲಾ ಓಡ್ಸಿದ್ದು?” ಎಂದು ಮಾವ ಗುಡುಗಿದರು.

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಆಳುಗಳ ಮುಂದೆ, ಮಾವನ ಮುಂದೆ, ಗೆಜೆಟೆಡ್ ಅಳಿಯ!

“ನಾನೇ ಯಜಮಾನ್ರೇ,” ಎಂದ ಸಿದ್ದಣ್ಣ. “ವಯಸ್ಸಾಯ್ತಲ್ಲ, ಕಣ್ಣು ಮಂಜಾಯ್ತು.”

“ಅಳಿಯಂದ್ರೇ, ಇಂಥೋನ್ಗೆ ನೀವೇನಾದ್ರೂ ಬರ್ಕೊಟ್ಟೀರಿ ಜೋಕೆ! ಯಾರ್ನಾದ್ರೂ ಸಾಯಿಸ್ತಾನೆ!”

ಸಿದ್ದಣ್ಣ ತಲೆ ತಗ್ಗಿಸಿ ನಿಂತಿದ್ದ. ಅನ್ನ ಕೊಡುವ ಲೈಸೆನ್ಸು ನಾಳೆ ಹೋಗುವುದರಲ್ಲಿತ್ತು. ಇವತ್ತು ಈ ಮನುಷ್ಯ ನನ್ನ ಮಾನ ಕಾಯುತ್ತಿದ್ದ.

“ಓಡಿಸಿದ್ದು ನಾನು ಮಾವ,” ಎಂದೆ.

ಮೊದಲು ನಕ್ಕಿದ್ದು ಗೌರಿ. ಮಾವ ಸೌಜನ್ಯಕ್ಕೆಂದು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಳುಗಳಿಗೆ ಆ ಸೌಜನ್ಯವೂ ಇರಲಿಲ್ಲ!

ನೆಗ್ಗಿದ ಬಾನೆಟ್ ಮೇಲೆಯೇ ಕಾಗದವಿಟ್ಟು ಹಸಿರು ಇಂಕಿನಲ್ಲಿ ಬರೆದೆ. ಕಣ್ಣು ನಿಚ್ಚಳ, ಸಹನೆ ಅಪಾರ, ಇಂಥ ಚಾಲಕ ನಮ್ಮ ಸೀಮೆಯ ಪುಣ್ಯ. ‘ಸತ್ಯವಂತ’ ಎಂದೂ ಸೇರಿಸಿದೆ. ಅವನು ನನ್ನೆದುರು ಹೇಳಿದ್ದು ಒಂದೇ ಸುಳ್ಳು, ಅದೂ ನನ್ನ ಸಲುವಾಗಿ.

ಸಿದ್ದಣ್ಣನ ಲೈಸೆನ್ಸ್ ನವೀಕರಣವಾಯಿತು. ಈಗಲೂ ನಮ್ಮನ್ನು ಕಂದಿಕೆರೆಗೆ ಕರೆದೊಯ್ಯುವವನು ಅವನೇ. ಕಾರು ನಿಲ್ಲಿಸುವ ಮೊದಲು ತಪ್ಪದೆ ಮೇಲೆ ನೋಡುತ್ತಾನೆ. ನಿಲ್ಲಿಸಿದ ಮೇಲೆ ಒಮ್ಮೆ ನನ್ನನ್ನು ನೋಡಿ, ಕೀಲಿಯನ್ನು ಗೌರಿಯ ಕೈಗೆ ಕೊಡುತ್ತಾನೆ.