ಆಳಿಗೊಂದು ಇಲಿ

ಹೋಟೆಲುಗಳನ್ನು ಸರ್ಕಾರ ತಪಾಸಣೆ ಮಾಡುವುದು ಲೋಕರೂಢಿ. ಉಣ್ಣಲು ಬಂದವರನ್ನೇ ತಪಾಸಣೆ ಮಾಡುವ ಮೆಸ್ಸು ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ ಒಂದೇ, ಅದು ನಮ್ಮ ದೊಡ್ಡಮ್ಮನದು! ನೀವು ಎಂಥ ದೊಡ್ಡ ಮನುಷ್ಯರೇ ಆಗಿರಿ, ಬಾಗಿಲಲ್ಲಿ ಎರಡೂ ಕೈ ಚಾಚಬೇಕು. ಆಕೆ ತಿರುಗಿಸಿ ಮುರುಗಿಸಿ, ಬೆರಳು ಬಿಡಿಸಿ ನೋಡಿ, “ಹೋಗ್ಲಾ, ತೊಳ್ಕಂಡ್ ಬಾ” ಎಂದ ಮೇಲೆಯೇ ಅನ್ನ. ಹೊಸ ಗಿರಾಕಿಯೊಬ್ಬ ಇದನ್ನು ಹಸ್ತಸಾಮುದ್ರಿಕ ಎಂದುಕೊಂಡು, “ಮದ್ವೆ ಯಾವಾಗ ಆಯ್ತದಮ್ಮ?” ಎಂದನಂತೆ.

“ಉಗುರು ಕತ್ತರಿಸ್ಕಂಡ್ಮೇಲೆ” ಎಂದಳಂತೆ ದೊಡ್ಡಮ್ಮ.

ದೊಡ್ಡಪ್ಪ ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿಗೆ ಬಲಗೈಯ ಎರಡು ಬೆರಳು ಕೊಟ್ಟು ಮನೆಗೆ ಬಂದ ವರ್ಷ ಶುರುವಾದ ಮೆಸ್ಸು ಇದು. ಅವರು ಗಲ್ಲಾದಲ್ಲಿ, ಈಕೆ ಒಲೆಯ ಮುಂದೆ, ಶಿಫ್ಟ್ ಮುಗಿಸಿ ಬರುವ ಹುಡುಗರೇ ಗಿರಾಕಿಗಳು. ಇದು ಮುಚ್ಚಿದರೆ ಇಬ್ಬರಿಗೂ ಬೇರೆ ದಾರಿಯಿಲ್ಲ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಲೈಸೆನ್ಸ್ ಮುಂದುವರಿಸಬೇಕೋ ಬೇಡವೋ ನೋಡಲು ಇನ್‌ಸ್ಪೆಕ್ಟರ್ ಬಂದರು. ದೊಡ್ಡಮ್ಮ ಮೊದಲು ಅವರ ಕೈ ನೋಡಿ, ತೊಳೆದು ಬರಲು ಕಳಿಸಿದಳು!

ಕನ್ನಡದ ಹಳ್ಳಿ ಗುಮ್ಮಳಾಪುರದಿಂದ ಮದುವೆಯಾಗಿ ಬಂದ ದೊಡ್ಡಮ್ಮನಿಗೆ ತಮಿಳು ಬರುತ್ತದೆ ಎಂಬುದು ದೊಡ್ಡಮ್ಮನ ನಂಬಿಕೆ. ತಮಿಳಿನ ‘ಎಲಿ’ ಎಂದರೆ ನಮ್ಮ ಇಲಿ. ತಮಿಳಿನ ‘ಇಲೈ’ ಎಂದರೆ ನಮ್ಮ ಎಲೆ. ಇವೆರಡನ್ನೂ ಹೀಗೆ ಅದಲುಬದಲು ಮಾಡಿಟ್ಟ ಪುಣ್ಯಾತ್ಮ ಯಾರೋ!

“ಎಲಿ ಇರುಕ್ಕಾಮ್ಮಾ?” ಎಂದರು ಇನ್‌ಸ್ಪೆಕ್ಟರ್.

“ನಿರೆಯ ಇರುಕ್ಕು ಸಾರ್” ಎಂದಳು ದೊಡ್ಡಮ್ಮ, ಮುಖ ಅರಳಿಸಿ. ಬೇಕಾದಷ್ಟಿವೆಯಂತೆ! ದಿನಾ ಬೆಳಿಗ್ಗೆ ತೋಟದಿಂದ ಹೊಸದಾಗಿ ತರಿಸುತ್ತಾಳಂತೆ, ತೊಳೆದು ಆಳಿಗೊಂದು ಹಾಕುತ್ತಾಳಂತೆ, ಮಕ್ಕಳಿಗೆ ಚಿಕ್ಕದಂತೆ. ಎಲ್ಲವನ್ನೂ ತನ್ನ ತಮಿಳಿನಲ್ಲಿ ವಿವರಿಸಿ, ನಿಮಗೂ ದೊಡ್ಡದೊಂದು ಹಾಕಲೇ ಎಂದು ಉಪಚಾರ ಬೇರೆ ಮಾಡಿದಳು.

ಇನ್‌ಸ್ಪೆಕ್ಟರ್ ಪೆನ್ನು ನಿಂತಿತು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಉಣ್ಣುತ್ತಿದ್ದ ನನಗೆ ತುತ್ತು ನೆತ್ತಿಗೇರಿತು. “ಇಲಿ, ದೊಡ್ಡಮ್ಮ, ಅವ್ರು ಕೇಳ್ತಿರೋದು ಇಲಿ” ಎಂದು ಕೆಮ್ಮುತ್ತಲೇ ಕೂಗಿದೆ. ಇನ್‌ಸ್ಪೆಕ್ಟರ್ ಕಿವಿಗೆ ಅದು ‘ಇಲೈ’ ಎಂದು ಬಿತ್ತು!

“ಓ, ಇಲೈಯಾ?” ಎಂದು ಮೂಲೆಯಲ್ಲಿದ್ದ ಬಾಳೆಎಲೆಯ ಕಟ್ಟು ನೋಡಿ ನಕ್ಕರು.

ದೊಡ್ಡಮ್ಮ ನಗಲಿಲ್ಲ. “ಇಲಿನಾ? ನನ್ನ ಅಡುಗೆಮನೇಲಾ? ಬನ್ನಿ ಸಾರ್” ಎಂದು ಡಬ್ಬ, ಪಾತ್ರೆ, ಮೋರಿ ಎಲ್ಲವನ್ನೂ ಬಿಡದೆ ತೋರಿಸಿದಳು. ಅವರು ಸುಸ್ತಾಗಿ, ಶುಚಿಯಾಗಿದೆ ಎಂದು ಬರೆದು ಸಹಿ ಹಾಕಿದರು.

ಹೊರಡುವಾಗ, ಎಲ್ಲರ ಕೈಯಲ್ಲೂ ಅಷ್ಟೊಂದು ಕೊಳೆ ಸಿಗುತ್ತದಾ ಎಂದು ತಮಿಳಿನಲ್ಲಿ ಕೇಳಿದರು.

ಆಕೆ ಕನ್ನಡದಲ್ಲೇ ಹೇಳಿದಳು: “ಕೊಳೆ ತೊಳುದ್ರೆ ಹೋಯ್ತದೆ ಸಾರ್. ಮೆಷಿನ್ ಮುಂದೆ ನಿಲ್ಲೋ ಹುಡುಗ್ರು. ಬೆರಳೆಲ್ಲ ಸರಿಯಾಗಿ ಅವಾ ಅಂತ ನೋಡ್ತೀನಿ.”

ದೊಡ್ಡಪ್ಪ ಬಲಗೈಯನ್ನು ಮೆಲ್ಲಗೆ ಟವೆಲ್ಲಿನ ಕೆಳಗೆ ಎಳೆದುಕೊಂಡರು. ದೊಡ್ಡಮ್ಮ ಹೋಗಿ ಅದನ್ನು ಹೊರತೆಗೆದು, ತನ್ನ ಸೆರಗಿನಿಂದ ಒರೆಸಿ, “ಏಳಿ, ಎಲೆ ಹಾಕಿವ್ನಿ” ಎಂದಳು.