ಮಾವನ ಪಟರ್‌ಗೆ ಎಂಬತ್ತು ಗ್ರಾಂ

“ತೂಕದ ವಿಷಯದಲ್ಲಿ ಈ ನೀಲಗಿರೀಲಿ ಎನ್ನ ಮೀರಿಸೋನು ಇನ್ನೂ ಹುಟ್ಟಿಲ್ಲ ಮಾಮಾ!”

ಸುರೇಂದ್ರನ್ ಹೀಗೆ ಘೋಷಣೆ ಹೊರಡಿಸಿದ್ದು ಲವ್‌ಡೇಲ್ ಪಕ್ಕದ ತನ್ನ ಮಾವನ ಮನೆಯಲ್ಲಿ, ಅವರೆಕಾಳಿನ ಸಾರು ಕಲೆಸಿದ ಕೈಯನ್ನು ಗಾಳಿಯಲ್ಲಿ ಬೀಸುತ್ತಾ. ಒಂದು ಅವರೆಕಾಳು ಹಾರಿ ಹೋಗಿ ಮಾವನ ಸ್ವೆಟರ್ ಮೇಲೆ ಕೂತಿತು. ಮಾವ ರಾಮನ್ ಅದನ್ನು ನೋಡಿದರು. ಆಮೇಲೆ ಅಳಿಯನನ್ನು ನೋಡಿದರು. ಏನೂ ಹೇಳಲಿಲ್ಲ. ಸುರೇಂದ್ರನ್ ಬೆನ್ನಿನಲ್ಲಿ ಡಿಸೆಂಬರ್ ತಿಂಗಳ ಚಳಿ ಸರ್ರನೆ ಇಳಿಯಿತು!

ಈ ರಾಮನ್ ಬೈಯುವವರಲ್ಲ. ಅದೇ ಕಷ್ಟ! ಬೈಯುವ ಮಾವನನ್ನು ಹೇಗೋ ಸಹಿಸಬಹುದು, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರಾಯಿತು. ಸುಮ್ಮನೆ ನೋಡುವ ಮಾವನನ್ನು ಯಾವ ಕಿವಿಯಲ್ಲಿ ಬಿಡುವುದು? ಅವರು ಊರಾಚೆಯ ಒಂದು ಪುಟ್ಟ ಗಾಲ್ಫ್ ಕ್ಲಬ್ಬಿನಲ್ಲಿ ನಲವತ್ತು ವರ್ಷ ಹುಲ್ಲು ನೋಡಿಕೊಂಡವರು. ಗುಳಿಯ ಸುತ್ತ ಜಮಖಾನದ ಹಾಗೆ ಕತ್ತರಿಸಿ ಬಿಟ್ಟಿರುತ್ತಾರಲ್ಲ ಹುಲ್ಲು, ಅದಕ್ಕೆ ಗ್ರೀನ್ ಅಂತಾರೆ. ಒಮ್ಮೆ ಯಾರೋ ದೊಡ್ಡ ಅಧಿಕಾರಿ ಆ ಗ್ರೀನ್ ಮೇಲೆ ಹಿಮ್ಮಡಿ ಊರಿ ನಡೆದರಂತೆ. ರಾಮನ್ “ಸಾರ್” ಅಂದರಂತೆ, ಅಷ್ಟೇ. ಅಧಿಕಾರಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕಾರಿನ ತನಕ ಸಾಕ್ಸಿನಲ್ಲೇ ಓಡಿದರಂತೆ!

ಕೆಲಸದಿಂದ ನಿವೃತ್ತಿಯಾದವರಿಗೆಂದು ಕ್ಲಬ್ಬಿನವರು ವರ್ಷಕ್ಕೊಮ್ಮೆ ಒಂದು ಕಪ್ ಇಡುತ್ತಾರೆ. ಮೂರು ವರ್ಷದಿಂದ ಫೈನಲ್‌ಗೆ ಬರುವವರು ಅದೇ ಇಬ್ಬರು: ರಾಮನ್, ಮತ್ತೆ ಹುಲ್ಲು ಕೊಯ್ಯುವ ಗಾಡಿ ಓಡಿಸುತ್ತಿದ್ದ ಕೃಷ್ಣನ್. ಮೂರು ವರ್ಷವೂ ಸೋತವರು ರಾಮನ್! ಬೆಳಗ್ಗೆ ಏಳಕ್ಕೆ ಆಟ, ಗ್ರೀನ್ ತುಂಬಾ ಇಬ್ಬನಿ. ಚೆಂಡನ್ನು ಗುಳಿಗೆ ಮೆಲ್ಲಗೆ ದೂಡುವ ಕೋಲಿಗೆ ಪಟರ್ ಅಂತ ಹೆಸರು. ರಾಮನ್ ಪಟರ್‌ನಿಂದ ಹೊರಟ ಚೆಂಡು, ಗುಳಿ ಇನ್ನೊಂದು ಗೇಣು ಇದೆ ಎನ್ನುವಾಗ ದಣಿದು ಕೂತುಬಿಡುತ್ತದೆ. ಈ ವರ್ಷವೇ ಕೊನೆ ಬೇರೆ. ಮುಂದಿನ ತಿಂಗಳು ಮೊಣಕಾಲು ಆಪರೇಷನ್; ಆಮೇಲೆ ಗುಡ್ಡ ಏರಿ ಇಳಿದು ಆಡುವ ಮಾತೇ ಇಲ್ಲ ಎಂದು ಕೊಯಮತ್ತೂರಿನ ಡಾಕ್ಟರ್ ಹೇಳಿಬಿಟ್ಟಿದ್ದಾರೆ.

“ಪಟರ್ ತಲೆ ತೂಕ ಸರಿಯಿಲ್ಲ ಮಾಮಾ,” ಎಂದ ಸುರೇಂದ್ರನ್. “ಗ್ರೀನ್ ಎಷ್ಟು ಓಡ್ಸುತ್ತೋ ಅದಕ್ಕೆ ತಕ್ಕ ತೂಕ ಬೇಕು. ಒಂದು ವಾರ ಎನ್ನ ಕೈಲಿ ಕೊಟ್ಟು ನೋಡಿ!”

“ನೀ ಗಾಲ್ಫ್ ಆಡಿದ್ದೀಯಾ ಮಾಪ್ಳೆ?” ಎಂದರು ರಾಮನ್. ಅಳಿಯನನ್ನು ಅವರು ಕರೆಯುವುದೇ ಹಾಗೆ.

“ಆಡಿಲ್ಲ. ನೂರಾ ಎಪ್ಪತ್ತು ವಿಡಿಯೋ ನೋಡಿದ್ದೀನಿ!”

“ಅಪ್ಪಾ, ಕೊಡಬೇಡ,” ಎಂದು ಅಡುಗೆಮನೆಯಿಂದ ಕೂಗಿದಳು ತಂಗಮಣಿ. ರಾಮನ್ ಮಗಳು, ಸುರೇಂದ್ರನ್ ಹೆಂಡತಿ. “ಹೋದ ತಿಂಗಳು ವಿಡಿಯೋ ನೋಡ್ಕೊಂಡು ಮಿಕ್ಸಿ ರಿಪೇರಿ ಮಾಡಿದ್ದಾನೆ. ಈಗ ಸ್ವಿಚ್ ಹಾಕಿದ್ರೆ ಮನೆ ಕರೆಂಟೇ ಹೋಗುತ್ತೆ!”

ಆದರೆ ಮೂರು ಸಲ ಮುಳುಗಿದವರಿಗೆ ಹುಲ್ಲುಕಡ್ಡಿಯೂ ಆಸರೆ. ರಾಮನ್ ಒಳಗೆ ಹೋಗಿ ಮಫ್ಲರ್ ಸುತ್ತಿದ ಪಟರ್ ತಂದರು. ಮಗು ಒಪ್ಪಿಸುವ ಹಾಗೆ ಎರಡೂ ಕೈಯಲ್ಲಿ ಒಪ್ಪಿಸಿದರು.

“ಭಾನುವಾರ ಆರೂವರೆಗೆ ಇದು ಎನ್ನ ಕೈಲಿರಬೇಕು,” ಎಂದರು. ನೋಡಿದರು. ಅಷ್ಟೇ!

ಕಟ್ಟಬೆಟ್ಟಿನ ತಮ್ಮ ಮನೆಗೆ ಬರುವಷ್ಟರಲ್ಲಿ ಸುರೇಂದ್ರನ್‌ಗೆ ಅರ್ಧ ಧೈರ್ಯ ವಾಪಸ್ ಬಂದಿತ್ತು. ಸುಮ್ಮನೆ ಜಂಬ ಕೊಚ್ಚಿದ್ದಲ್ಲ ಅವನು. ಹಳ್ಳಿಯ ಟೀ ಎಲೆ ಶೆಡ್ಡಿನಲ್ಲಿ ಹತ್ತು ವರ್ಷದಿಂದ ತೂಕ ಹಾಕುವವನು ಅವನೇ. ಮೂಟೆಯನ್ನು ಒಂದು ಸಲ ಎತ್ತಿ “ಮೂವತ್ತೆರಡೂವರೆ” ಎಂದರೆ ತಕ್ಕಡಿಯೇ ಹೌದೆಂದು ತಲೆಯಾಡಿಸಬೇಕು! ಆ ಶೆಡ್ಡಿನಲ್ಲಿ ಒಂದು ಶಾಸನವಿದೆ. ಎಲೆ ಒದ್ದೆಯಾಗಿದ್ದರೆ ನೀರಿನ ಲೆಕ್ಕಕ್ಕೆ ತೂಕ ಕಳೆಯಬೇಕು. ಮಳೆಯಲ್ಲಿ ಕೊಯ್ದ ಎಲೆ ತಂದವರು ಎಷ್ಟೇ ಗಲಾಟೆ ಮಾಡಲಿ, ಸುರೇಂದ್ರನ್ ಪೆನ್ನು ನಡುಗಿದ್ದಿಲ್ಲ. ಒದ್ದೆಯಾ? ಕಳಿ!

ವಿಡಿಯೋದ ಇಂಗ್ಲಿಷಿನಲ್ಲಿ ಅವನಿಗೆ ಸ್ಪಷ್ಟವಾಗಿ ಕೇಳಿಸಿದ್ದು ಒದ್ದೆ ಹುಲ್ಲು ಮತ್ತು ತೂಕ ಎಂಬ ಎರಡೇ ಸಂಗತಿ. ಮಿಕ್ಕಿದ್ದಕ್ಕೆ ಹತ್ತು ವರ್ಷದ ಅನುಭವ ಇಲ್ಲವೇ? ಬೆಳಗ್ಗೆ ಏಳಕ್ಕೆ ಗ್ರೀನ್ ಒದ್ದೆ. ಒದ್ದೆಯಾ? ಕಳಿ!

ಪಟರ್ ತಲೆಯ ಅಡಿಯಲ್ಲಿ ಮಾವ ಯಾವ ಕಾಲದಲ್ಲೋ ಅಂಟಿಸಿದ್ದ ಸೀಸದ ಪಟ್ಟಿಯೊಂದಿತ್ತು. ಅದನ್ನು ಬ್ಲೇಡಿನಿಂದ ಕಿತ್ತ. ತಂಗಮಣಿ ಅಂಗಡಿಗೆ ಕೊಡಲು ಮನೆಯಲ್ಲೇ ಚಾಕೊಲೇಟ್ ಮಾಡುತ್ತಾಳೆ; ಅವಳ ಪುಟ್ಟ ತಕ್ಕಡಿಯ ಮೇಲೆ ಪಟ್ಟಿ ಇಟ್ಟು ನೋಡಿದ. ಇಪ್ಪತ್ತೆರಡು ಗ್ರಾಂ! ಮುಗಿಯಿತು ಕೆಲಸ! ಪಟ್ಟಿಯನ್ನು ಕಿಟಕಿಯಿಂದ ಕೆಳಗಿನ ಟೀ ತೋಟಕ್ಕೆ ಎಸೆದ.

“ಎನ್ನ ಚಾಕೊಲೇಟ್ ತಕ್ಕಡಿ ಮೇಲೆ ಸೀಸ ಇಟ್ಟೆಯಾ?” ತಂಗಮಣಿ ಸೌಟು ಹಿಡಿದೇ ಬಂದಳು. “ಇನ್ನು ಅದನ್ನ ನೀನೇ ನೆಕ್ಕು! ಹೋಗ್ಲಿ, ಅಪ್ಪ ಅದನ್ನ ಯಾಕೆ ಅಂಟಿಸಿದ್ದ ಅಂತ ಕೇಳಿದೆಯಾ?”

“ಹಳೇ ಕಾಲದವರು, ಏನೋ ಅಂಟಿಸಿರ್ತಾರೆ.”

ಶನಿವಾರ ಮಧ್ಯಾಹ್ನ ಮಳೆ ಹನಿದು ನಿಂತಿತ್ತು. ಮನೆ ಮುಂದಿನ ತುಂಡು ಹುಲ್ಲಿನ ಮೇಲೆ ಒಂದು ಲೋಟ ಮಲಗಿಸಿ, ಸುರೇಂದ್ರನ್ ಹೆಂಡತಿಗೆ ತನ್ನ ವಿದ್ಯೆಯ ಪ್ರದರ್ಶನ ಇಟ್ಟ. ಎಲೆ ಮೂಟೆಗೆ ಹಾಕುವ ಹಾಗೆಯೇ ಚೆಂಡಿನ ಮೇಲೂ ಕೆಂಪು ಮಾರ್ಕರ್‌ನಿಂದ ತನ್ನ ನಂಬರ್ ಹದಿನಾಲ್ಕು ಎಂದು ಬರೆದಿದ್ದ. ದೂಡಿದ. ಚೆಂಡು ಹೊರಟಿತು. ನಡುದಾರಿಯಲ್ಲಿ ನಿಂತಿತು. ಇನ್ನೊಮ್ಮೆ ದೂಡಿದ. ಇನ್ನೂ ಮೊದಲೇ ನಿಂತಿತು!

ತಂಗಮಣಿ ಗ್ರೀನ್ ಪಕ್ಕದಲ್ಲೇ ಆಡಿ ಬೆಳೆದವಳು. ಸೊಂಟದ ಮೇಲೆ ಕೈ ಇಟ್ಟಳು.

“ಒದ್ದೆ ಹುಲ್ಲಲ್ಲಿ ಚೆಂಡು ನಿಧಾನ ಓಡುತ್ತೋ, ಜೋರು ಓಡುತ್ತೋ?”

“ನಿಧಾನ...”

“ನಿಧಾನ ಓಡೋದನ್ನ ದೂಡೋಕೆ ತೂಕ ಜಾಸ್ತಿ ಬೇಕೋ, ಕಮ್ಮಿ ಬೇಕೋ?”

ಸುರೇಂದ್ರನ್ ಪಟರ್ ತಿರುಗಿಸಿ ಸೀಸ ಕಿತ್ತ ಜಾಗ ನೋಡಿದ. ಕಾಲಿನ ಕೆಳಗಿನ ಗುಡ್ಡವೇ ಜಾರಿದಂತಾಯಿತು. ಅಂದರೆ ಅಪ್ಪಟ ಉಲ್ಟಾ! ಇದ್ದ ಅಷ್ಟಿಷ್ಟು ಭಾರವನ್ನೂ ಕಿತ್ತೆಸೆದು, ಮಾವನನ್ನು ಕೊನೆಯ ಫೈನಲ್ಲಿನಲ್ಲಿ ಆಟಕ್ಕೆ ಮೊದಲೇ ಸೋಲಿಸಿಟ್ಟಿದ್ದ! ಕಣ್ಣೆದುರು ಮಾವ ಬಂದು ನಿಂತರು. ಸುಮ್ಮನೆ ನೋಡಿದರು.

“ಹೆತ್ತಮ್ಮಾ, ಕಾಪಾಡು!” ಎಂದು ಟೀ ತೋಟಕ್ಕೆ ಹಾರಿದ. ಒಂದು ಗಂಟೆ ಗಿಡದ ಬುಡ ಬುಡ ಹುಡುಕಿದ. ನಾಲ್ಕು ಜಿಗಣೆ ಸಿಕ್ಕವು. ಸೀಸ ಸಿಗಲಿಲ್ಲ.

ಆಗ ಹೊಳೆದದ್ದು ಮಣಿಕಂಡನ್‌ನ ಟೈರ್ ಅಂಗಡಿ. ಚಕ್ರ ಅಲ್ಲಾಡದಂತೆ ರಿಮ್ಮಿಗೆ ಅಂಟಿಸುವ ಹತ್ತು ಗ್ರಾಮಿನ ಬಿಲ್ಲೆಗಳಿರುತ್ತವಲ್ಲ!

“ಎಷ್ಟು ಬೇಕು ಅಣ್ಣಾ?”

“ಇಪ್ಪತ್ತು... ಬೇಡ, ನಲವತ್ತು. ಇಬ್ಬನಿ ಜಾಸ್ತಿ ಬಿದ್ದರೆ? ಎಂಬತ್ತು ಗ್ರಾಂ ಹಾಕಿಬಿಡು!”

“ಯಾವ ಗಾಡಿಗೆ?”

“ಮಾವನಿಗೆ.”

ಮಣಿಕಂಡನ್ ಪಟರ್ ನೋಡಿದ, ಗಿರಾಕಿಯ ಮುಖ ನೋಡಿದ, ಎಂಟು ಬಿಲ್ಲೆ ಅಂಟಿಸಿದ. “ಬಿಡೋದಿಲ್ಲ ಅಣ್ಣಾ. ಲಾರಿ ಚಕ್ರಕ್ಕೆ ಹಾಕೋ ಗೋಂದು. ಘಾಟಲ್ಲಿ ಮೂವತ್ತಾರು ತಿರುವು ಇಳಿದ್ರೂ ಬಿಡೋದಿಲ್ಲ!”

ಈ ಸಲ ಪರೀಕ್ಷೆ ಮಾಡದೆ ಕೊಡುವ ಎದೆ ಸುರೇಂದ್ರನ್‌ಗೆ ಇರಲಿಲ್ಲ. ಸ್ಕೂಟರ್ ಏರಿ ನೇರ ಕ್ಲಬ್ಬಿಗೇ ಹೋದ. ಸಂಜೆ ಐದೂವರೆ. ಮಂಜು ಕವಿಯುತ್ತಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಒಂಬತ್ತನೇ ಗ್ರೀನ್ ಮೇಲೆ ಬರಿಗಾಲಲ್ಲಿ, ಕಳ್ಳನ ಹಾಗೆ ನಿಂತು ದೂಡಿದ. ಚೆಂಡು ಜುಮ್ಮೆಂದು ಓಡಿ ಗುಳಿಯ ಅಂಚಿಗೆ ಹೋಗಿ ನಿಂತಿತು. ಆಹಾ! ಏನು ತೂಕ! ಏನು ಓಟ!

“ಹೂಂ...” ಎಂದು ಹಿಂದಿನಿಂದ ಯಾರೋ ಮೆಚ್ಚಿದರು.

ತಿರುಗಿ ನೋಡಿದರೆ ಕಾಡೆಮ್ಮೆ!

ಎಮ್ಮೆ ಎಂದರೆ ಎಮ್ಮೆಯೇ ಅದು? ಕಾಲಿಗೆ ಬಿಳಿ ಸಾಕ್ಸ್ ಹಾಕಿಕೊಂಡು ಮಂಜಿನಿಂದ ಎದ್ದು ಬಂದ ಮಿನಿ ಬಸ್ಸು! ಬಸ್ಸಿಗಾದರೂ ಬ್ರೇಕ್ ಇರುತ್ತದೆ! ಸುರೇಂದ್ರನ್ ಕೈಯಿಂದ ಪಟರ್ ಜಾರಿತು. ಕಾಲು ಅವನನ್ನು ಕೇಳದೆಯೇ ಓಡಿ ಪಕ್ಕದ ಮರಳುಗುಂಡಿಗೆ ಕೆಡವಿತು. ಅಲ್ಲಿ ಬೋರಲು ಮಲಗಿ, ಒಂದು ಕಣ್ಣು ಮಾತ್ರ ಮೇಲೆತ್ತಿ ನೋಡಿದ. ಕಾಡೆಮ್ಮೆ ಗ್ರೀನ್ ಮೇಲೆ ಸಾವಕಾಶವಾಗಿ ಹೆಜ್ಜೆ ಹಾಕಿತು. ಒಂದೊಂದು ಹೆಜ್ಜೆಗೂ ಪಚಕ್! ಪಚಕ್! ಮಾವನ ಪಟರ್ ಹತ್ತಿರ ಬಂತು. ಮೂಸಿತು. ಬೆವರಿನ ಉಪ್ಪಿಗೋ ಏನೋ, ಹಿಡಿಯನ್ನು ಮೇಲಿಂದ ಕೆಳಗಿನ ತನಕ ನಿಧಾನವಾಗಿ ನೆಕ್ಕಿತು!

“ತುಳೀಬೇಡ ತಾಯೀ,” ಎಂದು ಮರಳಿನೊಳಗೆ ಅತ್ತ ಸುರೇಂದ್ರನ್. “ಬೇಕಾದ್ರೆ ಎನ್ನನ್ನ ತುಳಿ. ಅದಾದ್ರೆ ಮಾವ ಆಸ್ಪತ್ರೆಗಾದ್ರೂ ಬಂದು ನೋಡ್ತಾರೆ!”

ಅದು ತುಳಿಯಲಿಲ್ಲ. ಪಟರ್ ದಾಟಿ, ಗ್ರೀನ್ ದಾಟಿ, ಮಂಜಿಗೆ ಮಂಜಾಗಿ ಹೋಯಿತು. ಸುರೇಂದ್ರನ್ ಮಂಡಿಯಲ್ಲಿ ತೆವಳಿ ಬಂದು, ಜೊಲ್ಲು ಸುರಿಯುತ್ತಿದ್ದ ಪಟರನ್ನು ಎದೆಗವಚಿಕೊಂಡು, ಸ್ಕೂಟರ್ ಎಡೆಗೆ ಓಡಿದವನು ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಭಾನುವಾರ ಸರಿಯಾಗಿ ಆರೂವರೆಗೆ ಗಂಡ ಹೆಂಡತಿ ಕ್ಲಬ್ಬಿನಲ್ಲಿದ್ದರು. ಒರೆಸಿ, ತೊಳೆದು, ಮಫ್ಲರ್ ಸುತ್ತಿದ ಪಟರ್ ಸುರೇಂದ್ರನ್ ಕೈಯಲ್ಲಿತ್ತು. ರಾಮನ್ ಎಲ್ಲಿ? ಹಳೇ ಅಭ್ಯಾಸದಂತೆ ಮೊದಲು ಗ್ರೀನ್ ನೋಡಲು ಹೋಗಿದ್ದರು. ಒಂಬತ್ತನೇ ಗ್ರೀನ್!

ಅಲ್ಲಿ ಹನ್ನೊಂದು ಗುಂಡಿ. ಒಂದೊಂದೂ ಉಪ್ಪಿನಕಾಯಿ ಜಾಡಿ ಇಡುವಷ್ಟು. ರಾಮನ್ ಕುಂಟುತ್ತಾ ಒಂದರಿಂದ ಒಂದಕ್ಕೆ ಹೋಗುತ್ತಿದ್ದರು, ಮಗುವಿಗೆ ಬಿದ್ದ ಪೆಟ್ಟು ನೋಡುವ ಹಾಗೆ. ಏಳನೇ ಗುಂಡಿಗೆ ಕೈ ಹಾಕಿ ಏನನ್ನೋ ಹೊರಗೆ ತೆಗೆದರು. ಮಣ್ಣು ಒರೆಸಿದರು. ಬಿಳಿ ಚೆಂಡು. ಅದರ ಮೇಲೆ ಕೆಂಪಗೆ ಹದಿನಾಲ್ಕು.

“ಈ ಕಾಡೆಮ್ಮೆ ಗಾಲ್ಫ್ ಆಡುತ್ತಾ ಮಾಪ್ಳೆ?”

ಸುರೇಂದ್ರನ್‌ನಿಂದ ಅಷ್ಟೂ ಸತ್ಯ ಒಂದೇ ಉಸಿರಿಗೆ ಸುರಿಯಿತು. ಒದ್ದೆ ಎಲೆ, ಸೀಸ, ಜಿಗಣೆ, ಟೈರ್ ಅಂಗಡಿ, ಮರಳುಗುಂಡಿ, ನಾಲಿಗೆ, ಎಲ್ಲಾ! ರಾಮನ್ ನೋಡಿದರು. ಬೈದರೆ ಸಾಕು ದೇವರೇ ಎಂದು ಸುರೇಂದ್ರನ್ ಬೇಡಿಕೊಂಡ. ಬೈಯಲಿಲ್ಲ.

“ರಾತ್ರಿಯೆಲ್ಲಾ ಹೀಗೇ ಬಿಟ್ಟಿದ್ದೀಯಾ?” ಎಂದರು ಮೆಲ್ಲಗೆ. ಗ್ರೀನ್ ಬಗ್ಗೆ ಕೇಳಿದ್ದು! “ಬೇರು ಒಣಗೋಗುತ್ತೆ ಅಂತ ತಿಳೀಲಿಲ್ವಾ? ಕೃಷ್ಣಾ, ಇದನ್ನ ಇಟ್ಕೊಂಡು ಎನ್ನ ಕೈಲಿ ಆಟ ಆಡೋಕಾಗಲ್ಲ.”

ಎದುರಾಳಿ ಕೃಷ್ಣನ್ ಆಗಲೇ ಷರ್ಟಿನ ತೋಳು ಮಡಚುತ್ತಿದ್ದರು. ಫೈನಲ್ ನಿಂತಿತು. ಇಬ್ಬರು ಮುದುಕರೂ ಮಂಡಿಯೂರಿ ಬೇರು ಎತ್ತಿ, ಮರಳು ತುಂಬಿ, ಅಂಚಿಗೆ ಅಂಚು ಕೂಡಿಸಿ ಹುಲ್ಲು ಹೊಲಿದರು. ಸುರೇಂದ್ರನ್ ಬಕೆಟ್ ಬಕೆಟ್ ಮರಳು ಹೊತ್ತ. ಎಂಟು ಗುಂಡಿ ಮುಗಿಯುವಷ್ಟರಲ್ಲಿ ಒಂಬತ್ತೂವರೆ. ಮಂಜು ಸರಿಯಿತು. ಬೆನ್ನು ಬೆಚ್ಚಗಾಯಿತು. ಸುರೇಂದ್ರನ್ ತಲೆಯೆತ್ತಿದ.

ಬಿಸಿಲು!

ಜೀವನದಲ್ಲಿ ಮೊದಲ ಸಲ ಅವನಿಗೆ ಈ ವಿದ್ಯೆ ಪೂರ್ತಿ ಅರ್ಥವಾಯಿತು. ಇಬ್ಬನಿ ಆರಿತು, ಗ್ರೀನ್ ಒಣಗಿತು, ಚೆಂಡು ಈಗ ಗಾಜಿನ ಮೇಲೆ ಓಡಿದ ಹಾಗೆ ಓಡುತ್ತದೆ. ಈಗ ಬೇಕಾದದ್ದು ಹಗುರ ತಲೆ! ಮಾವನ ಕೈಗೆ ಬರಲಿರುವುದು ಟೈರ್ ಅಂಗಡಿಯ ಭಾರ! ಮರೆಗೆ ಹೋಗಿ ಬಿಲ್ಲೆ ಕೀಳಲು ಹೊರಟ. ಉಗುರು ಹೋಯಿತು, ಬಿಲ್ಲೆ ಹೋಗಲಿಲ್ಲ. ಹಲ್ಲು ಹಾಕಿದ. ಹಲ್ಲೂ ಅಲ್ಲಾಡಿತು.

“ಕೊಡು ಇಲ್ಲಿ,” ಎಂದು ಕೃಷ್ಣನ್ ಅದನ್ನು ತೆಗೆದುಕೊಂಡು ಎತ್ತಿ ನೋಡಿ, ಕೆಮ್ಮು ಬರುವ ತನಕ ನಕ್ಕರು. “ರಾಮಾ, ಇದರಲ್ಲಿ ನೀ ಮೆಲ್ಲಗೆ ತಟ್ಟಿದ್ರೂ ಚೆಂಡು ಗೂಡಲೂರಿಗೆ ಹೋಗುತ್ತೆ! ಎನ್ನ ಹತ್ರ ಎರಡಿದೆ. ಇಬ್ಬನಿಗೊಂದು, ಬಿಸಿಲಿಗೊಂದು. ಬಿಸಿಲಿನ ಹಗುರದ್ದು ನೀ ತಗೋ. ಭಾರದ್ದರಲ್ಲೇ ಆಡಿ ನಿನ್ನ ಸೋಲಿಸ್ತೀನಿ. ಮೂರು ಸಲ ಸೋಲಿಸಿದ ಕೈ ಇದು!”

ಇಬ್ಬರೂ ಹೊರಟರು. ಮಿಕ್ಕ ಮೂರು ಗುಂಡಿ ಅಳಿಯನ ಪಾಲಿಗೆ ಬಂತು. ಗ್ರೀನ್ ಮೇಲೆ ಮೂಗು ತಾಗುವಷ್ಟು ಬಗ್ಗಿ ಹುಲ್ಲು ಹೊಲಿಯುತ್ತಾ, ಕಿವಿ ಮಾತ್ರ ಆಟದ ಕಡೆ ಇಟ್ಟಿದ್ದ. ದೂರದಲ್ಲಿ ಒಮ್ಮೆ ಚಪ್ಪಾಳೆ. ಯಾರಿಗೆ? ಇನ್ನೊಮ್ಮೆ “ಅಯ್ಯಯ್ಯೋ!” ಯಾರದ್ದು? ಒಂದೊಂದು ಸದ್ದಿಗೂ ತಲೆಯೆತ್ತಿ, ಗುಂಡಿ ಬಿಟ್ಟು ಪಕ್ಕಕ್ಕೆ ಮರಳು ಸುರಿಯುತ್ತಿದ್ದ. ಕೊನೆಗೆ ಗುಂಪು ಒಂಬತ್ತನೇ ಗ್ರೀನಿಗೇ ಬಂದಾಗ ಅವನು ಬದಿಗೆ ಸರಿದು ಕಣ್ಣು ಮುಚ್ಚಿಕೊಂಡ. ಟಕ್. ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ಆಮೇಲೆ ಟೊಳಕ್!

“ಗೆದ್ದ! ಅಪ್ಪ ಗೆದ್ದ!” ಎಂದು ತಂಗಮಣಿ ಕಿರುಚಿದಳು. “ಕೃಷ್ಣನ್ ಮಾಮನದ್ದು ಮೂರು ಗೇಣು ಮುಂದಕ್ಕೆ ಓಡಿಹೋಯ್ತು!”

ಸುರೇಂದ್ರನ್ ಕಣ್ಣು ಬಿಟ್ಟ. ಬದುಕಿದ! ಗೆದ್ದ ಮಾವ ಏನು ತಾನೇ ಮಾಡಿಯಾರು? ಎದ್ದು, ಮಂಡಿ ಒರೆಸಿಕೊಂಡು, ಹಲ್ಲು ಕಿರಿದು ನಿಂತ. ಒಂದು ಸಣ್ಣ ಜಂಬ ಕೂಡ ಗಂಟಲಿಗೆ ಬಂದಿತ್ತು. ರಾಮನ್ ಕಪ್ಪನ್ನು ಮಗಳ ಕೈಗೆ ಕೊಟ್ಟು, ತಮ್ಮ ಹಳೇ ಪಟರ್ ಎತ್ತಿಕೊಂಡು ಅಳಿಯನ ಹತ್ತಿರ ಬಂದರು. ಕೈಯಲ್ಲೇ ತೂಗಿ ನೋಡಿದರು.

“ಎಷ್ಟು ಅಂಟಿಸಿದೆ?”

“ಎಂಬತ್ತು ಗ್ರಾಂ ಮಾಮಾ.”

“ಬಿಡುತ್ತಾ?”

“ಬಿಡಲ್ಲ ಮಾಮಾ. ಲಾರಿ ಗೋಂದು.”

“ಒಳ್ಳೇದು,” ಎಂದು ಪಟರನ್ನು ಅವನ ಕೈಗೇ ಇಟ್ಟು, ಜೀವನದಲ್ಲಿ ಮೊದಲ ಸಲ ಅಳಿಯನ ಬೆನ್ನು ತಟ್ಟಿದರು. “ಕಾಡೆಮ್ಮೆ ಕೆಳಗಿನ ಬೇಲಿ ಕೆಡವಿಬಿಟ್ಟಿದೆ. ನಾಳೆ ಬೆಳಗ್ಗೆ ಆರಕ್ಕೆ ಬಾ, ಹನ್ನೆರಡು ಗೂಟ ಬಡೀಬೇಕು. ಸುತ್ತಿಗೆ ತರಬೇಡ ಮಾಪ್ಳೆ. ನೀನೇ ಒಂದು ಮಾಡಿಕೊಟ್ಟಿದ್ದೀಯಲ್ಲ!”