ಸಾಹೇಬರು ತಿಂದ ಪ್ರಯೋಗ

ಮಾನ್ಯ ಶಾಲಾ ತನಿಖಾಧಿಕಾರಿ ಸಾಹೇಬರ ಸನ್ನಿಧಾನಕ್ಕೆ, ಮಾನ್ವಿ ತಾಲ್ಲೂಕಿನ ಕಾಲುವೆ ದಂಡೆಯ ಸರ್ಕಾರಿ ಶಾಲೆಯ ಹಂಗಾಮಿ ವಿಜ್ಞಾನ ಶಿಕ್ಷಕಿ ಕನಕಮ್ಮ ಮಾಡುವ ಸಾವಿರದೊಂದು ಶರಣು.

ಮಾನ್ಯರೇ,

ತಾವು ಇದೇ ೧೯೮೩ರ ಫೆಬ್ರವರಿ ಹನ್ನೊಂದರಂದು ನಮ್ಮ ಏಳನೇ ತರಗತಿಗೆ ದಯಮಾಡಿಸಿ, ನನ್ನ ಪಾಠವನ್ನು ಕಣ್ಣಿನಿಂದ ನೋಡಿದ್ದಲ್ಲದೆ ನಾಲಿಗೆಯಿಂದಲೂ ಪರಿಶೀಲಿಸಿದಿರಿ. ಇಷ್ಟು ಆಳವಾದ ತನಿಖೆ ನಮ್ಮ ಶಾಲೆ ಹುಟ್ಟಿದಾಗಿನಿಂದ ನಡೆದಿರಲಿಲ್ಲ. ಅದಕ್ಕೆ ಮೊದಲು ಕೃತಜ್ಞತೆ ಸಲ್ಲಿಸಿ, ಆಮೇಲೆ ತಕರಾರಿಗೆ ಬರುತ್ತೇನೆ.

ನಮ್ಮ ಪ್ರಯೋಗಾಲಯವೆಂದರೆ ಒಂದು ಕಪಾಟು, ಅದಕ್ಕೊಂದು ಬೀಗ. ಒಳಗೆ ಏನೂ ಇಲ್ಲ. ಹೀಗಾಗಿ ಬಸ್ ನಿಲ್ದಾಣದಲ್ಲಿ ಮಿರ್ಚಿ ಕರಿದು ಮಾರುವ ಖತೀಜಾ ಬೀ, ತನ್ನ ಮಗಳು ಅಸ್ಮತ್ ಇದೇ ತರಗತಿಯಲ್ಲಿ ಓದುತ್ತಾಳೆಂಬ ಅಭಿಮಾನಕ್ಕೆ, ಒಂದು ದಿನದ ವ್ಯಾಪಾರ ಬಿಟ್ಟು ಸ್ಟೋವು, ಕಡಾಯಿ, ಎಣ್ಣೆ ತಂದುಕೊಟ್ಟಳು. ಮೇಜಿನ ಎಡಗಡೆಯ ತಟ್ಟೆಯಲ್ಲಿ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಉಳ್ಳಾಗಡ್ಡಿ, ಹುರಿಗಡಲೆ ಪುಟಾಣಿ ಕಲಸಿಟ್ಟೆ. ಅದು ಬರೀ ಬೆರಕೆ, ತಾಳ್ಮೆಯಿದ್ದರೆ ಉಳ್ಳಾಗಡ್ಡಿಯನ್ನು ಮತ್ತೆ ಆರಿಸಿ ತೆಗೆಯಬಹುದು. ಆದ್ದರಿಂದ ಭೌತಿಕ ಬದಲಾವಣೆ. ಬಲಗಡೆ ಮಿರ್ಚಿ. ಹಿಟ್ಟಿನೊಳಗಿನ ಸೋಡಾ ಬಿಸಿಗೆ ಅನಿಲ ಬಿಟ್ಟು ಉಬ್ಬಿಸುತ್ತದೆ, ಕಡಲೆಹಿಟ್ಟು ಕೆಂಪಗಾಗಿ ಬೇರೆ ವಾಸನೆ, ಬೇರೆ ರುಚಿಯ ಹೊಸ ಪದಾರ್ಥವಾಗುತ್ತದೆ, ಬ್ರಹ್ಮ ಬಂದರೂ ಅದನ್ನು ಮರಳಿ ಹಿಟ್ಟು ಮಾಡಲಾರ. ಆದ್ದರಿಂದ ರಾಸಾಯನಿಕ ಬದಲಾವಣೆ. ನಲವತ್ಮೂರು ಮಕ್ಕಳು ಸಾಲಾಗಿ ಬಂದು ಎರಡನ್ನೂ ಬಿಡಿಸಿ ನೋಡಬೇಕಿತ್ತು. ಅಷ್ಟರಲ್ಲಿ ತಾವು ಬಂದಿರಿ.

ಹನ್ನೊಂದು ಮಿರ್ಚಿ ಮುಗಿಸಿ, ಮಂಡಾಳಿನ ತಟ್ಟೆಯನ್ನೂ ತೊಳೆದಿಟ್ಟಂತೆ ಮಾಡಿ, ತಾವು ಅಪ್ಪಣೆ ಕೊಡಿಸಿದಿರಿ: "ಮಿರ್ಚಿ ಭಾಳ ಚಲೋ ಆಗ್ಯಾವ್ರಿ ಅಕ್ಕೋರೆ. ಈಗ ಪ್ರಯೋಗ ತೋರಸ್ರಿ."

ನಾನು ಖಾಲಿ ತಟ್ಟೆಗಳನ್ನು ತೋರಿಸಿದೆ. ಕಂಡದ್ದನ್ನು ಬರೆಯಲು ನೋಟುಬುಕ್ಕು ತೆರೆದು ಕೂತಿದ್ದ ಅಸ್ಮತ್ ಎದ್ದು ನಿಂತು ಕೇಳಿದಳು: "ಸಾಹೇಬ್ರು ತಿಂದದ್ದು ಯಾವ ಬದಲಾವಣಿ ಅಂತ ಬರೀಬೇಕ್ರಿ ಅಕ್ಕೋರೆ?" ತಾವು ನಮ್ಮ ತಪಾಸಣಾ ಪುಸ್ತಕ ಎಳೆದುಕೊಂಡು, ಪ್ರಯೋಗ ನಡೆಯಲಿಲ್ಲ, ಅಡಿಗೆ ವಿಜ್ಞಾನವಲ್ಲ, ಈ ಶಿಕ್ಷಕಿಯ ಹುದ್ದೆಯನ್ನು ಜೂನ್‌ನಿಂದ ರದ್ದುಪಡಿಸಬಹುದು ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಜೀಪು ಹತ್ತಿದಿರಿ.

ಅದನ್ನು ಓದಿ ನನಗೆ ಸಿಟ್ಟು ಬಂತು, ಮಕ್ಕಳು ಹೋದ ಮೇಲೆ ಅಳುವೂ ಬಂತು. ನೌಕರಿ ಹೋದರೆ ನನಗೆ ದೇವದುರ್ಗದಲ್ಲಿ ಅಣ್ಣನ ಮನೆಯಿದೆ. ಆದರೆ ರೊಟ್ಟಿ ಯಾಕೆ ಉಬ್ಬುತ್ತದೆ, ಹಾಲು ಯಾಕೆ ಒಡೆಯುತ್ತದೆ ಎಂದು ಈಗಷ್ಟೇ ಕೇಳಲು ಕಲಿತ ಈ ಮಕ್ಕಳಿಗೆ ಜೂನ್‌ನಿಂದ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಆದಕಾರಣ ತಮ್ಮಲ್ಲಿ ಸಣ್ಣದೊಂದು ಕೋರಿಕೆ. ಆ ಹನ್ನೊಂದು ಮಿರ್ಚಿಗಳನ್ನು ಹಿಟ್ಟು ಬೇರೆ, ಮೆಣಸಿನಕಾಯಿ ಬೇರೆ, ಎಣ್ಣೆ ಬೇರೆಯಾಗಿ, ಮೊದಲಿದ್ದ ಸ್ಥಿತಿಯಲ್ಲೇ ಖತೀಜಾ ಬೀಗೆ ಹಿಂತಿರುಗಿಸಬೇಕು. ತಮ್ಮಂಥ ಅಧಿಕಾರಿಗಳಿಗೂ ಇದು ಕೈಲಾಗದಿದ್ದರೆ, ತಾವು ರಾಸಾಯನಿಕ ಬದಲಾವಣೆಯ ಪಾಠವನ್ನು ಪೂರ್ತಿ ಕಲಿತಿದ್ದೀರೆಂದು ನಾನೇ ಪ್ರಮಾಣಪತ್ರ ಬರೆದುಕೊಡುತ್ತೇನೆ. ಕಲಿಸಿದವಳ ಹುದ್ದೆಯನ್ನು ಮಾತ್ರ ಉಳಿಸಿಕೊಡಿ. ತಮ್ಮ ವರದಿ ರಾಯಚೂರಿನ ಕಚೇರಿಯಲ್ಲಿ ಇನ್ನೂ ಬೇಯುತ್ತಿದೆಯಂತೆ. ಆ ಒಂದು ಸಾಲನ್ನು ಈಗಲೂ ಆರಿಸಿ ತೆಗೆಯಬಹುದು.

ಖಾಲಿ ತಟ್ಟೆಗಳೊಂದಿಗೆ,
ತಮ್ಮ ವಿಶ್ವಾಸಿ,
ಕನಕಮ್ಮ

ತಾ.ಕ.: ತಪಾಸಣಾ ಪುಸ್ತಕದಲ್ಲಿ 'ಪ್ರಯೋಗ ನಡೆಯಲಿಲ್ಲ' ಎಂಬ ಸಾಲಿನ ಪಕ್ಕದಲ್ಲೇ ತಮ್ಮ ಹೆಬ್ಬೆರಳಿನ ಹಳದಿ ಗುರುತು ಬಿದ್ದಿದೆ. ಅದು ಮಿರ್ಚಿ ಹಿಟ್ಟಿಗೆ ಹಾಕಿದ್ದ ಅರಿಶಿನ; ಅರಿಶಿನಕ್ಕೆ ಸಾಬೂನು ನೀರು ಸೋಕಿದರೆ ಕೆಂಪಾಗುತ್ತದೆ. ಅಸ್ಮತ್ ಸೋಕಿಸಿದಳು, ಕೆಂಪಾಯಿತು, ನಲವತ್ಮೂರು ಮಕ್ಕಳೂ ಕಂಡದ್ದನ್ನು ಬರೆದು ಸಹಿ ಹಾಕಿದ್ದಾರೆ. ನಿಂಬೆಹಣ್ಣು ಹಿಂಡಿದರೆ ಅದು ಮತ್ತೆ ಹಳದಿಯಾಗುತ್ತದೆ. ತಾವು ಆ ಸಾಲು ಹೊಡೆದುಹಾಕಿದ ದಿನ ಹಿಂಡುತ್ತೇವೆ.